ಒಂದು ಊರು ಯಾಕೆ ಬಲಕ್ಕೆ ವಾಲಿತು? ನೋಟ್‌ಬುಕ್ ಹಿಡಿದು ಹುಡುಕುವ ಬಗೆ

ಊರಿನಿಂದ ಯಾರು ಫೋನ್ ಮಾಡಿದರೂ ಈಗ ಮೊದಲು ಕೇಳುವುದು ಒಂದೇ. "ಅಲ್ಲಿ ಸೇಫಾ?" 2025ರ ಫೆಬ್ರವರಿಯಲ್ಲಿ ಜರ್ಮನಿಯ ಸಂಸತ್ ಚುನಾವಣೆ ಆದ ಮೇಲೆ ಇದು ಜಾಸ್ತಿಯಾಗಿದೆ. ನಾನಿರುವುದು ಡ್ರೆಸ್ಡೆನ್‌ನಲ್ಲಿ. ಪೂರ್ವ ಜರ್ಮನಿಯ ಸ್ಯಾಕ್ಸನಿ ರಾಜ್ಯದ ರಾಜಧಾನಿ ಇದು. ದಾವಣಗೆರೆಯಿಂದ 2013ರಲ್ಲಿ ಎಂಎಸ್ ಓದಲು ಬಂದವಳು, ಓದು ಮುಗಿಸಿ ಇಲ್ಲೇ ಒಂದು ಚಿಪ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದೆ. ಆ ಚುನಾವಣೆಯಲ್ಲಿ ಕಟ್ಟಾ ಬಲಪಂಥದ ಎಎಫ್‌ಡಿ ಪಕ್ಷಕ್ಕೆ ಇಡೀ ದೇಶದಲ್ಲಿ ಶೇ. 20.8 ಮತ ಬಿತ್ತು. ನಮ್ಮ ಸ್ಯಾಕ್ಸನಿಯಲ್ಲಿ ಶೇ. 37.3.

ಯಾಕೆ ಹೀಗಾಯಿತು ಅಂತ ಇಲ್ಲಿನ ಕನ್ನಡಿಗರ ಮಧ್ಯೆ ಮಾತು ಬಂದರೆ ಎರಡು ಸಿದ್ಧ ಉತ್ತರ ಸಿಗುತ್ತವೆ. ಒಂದು, "ಇವರು ಹುಟ್ಟಿದ್ದೇ ಹಾಗೆ ಬಿಡಿ." ಇನ್ನೊಂದು, "ಪಾಪ, ಕೆಲಸ ಇಲ್ಲ." ನಾನೂ ಎರಡನ್ನೂ ಹೇಳಿಕೊಂಡು ಸುಮಾರು ವರ್ಷ ಕಳೆದೆ. ಆಮೇಲೆ ಒಂದು ನೋಟ್‌ಬುಕ್ ತಗೊಂಡು ಶನಿವಾರಗಳಲ್ಲಿ ರೈಲು ಹತ್ತಿ ಊರೂರು ಸುತ್ತಲು ಶುರು ಮಾಡಿದೆ. ಅದರಿಂದ ಕಲಿತ ವಿಧಾನ ಇಲ್ಲಿದೆ. ನಾನು ಸಮಾಜಶಾಸ್ತ್ರ ಓದಿದವಳಲ್ಲ. ಕಾರ್ಖಾನೆಯಲ್ಲಿ ಒಂದು ವೇಫರ್ (ಚಿಪ್ ಮಾಡುವ ಸಿಲಿಕಾನ್ ಬಿಲ್ಲೆ) ಕೆಟ್ಟರೆ ಯಾವ ಹಂತದಲ್ಲಿ ಕೆಟ್ಟಿತು ಅಂತ ಹಿಂದಕ್ಕೆ ಹೋಗಿ ಹುಡುಕುವುದು ನನ್ನ ಕೆಲಸ. ಅದನ್ನೇ ಇಲ್ಲೂ ಮಾಡಿದೆ.

ನೋಟ್‌ಬುಕ್ ಗೆರೆ ಹಾಕಿಕೊಳ್ಳಿ

ಎಡಗಡೆ ವರ್ಷ. ಪಕ್ಕದಲ್ಲಿ ನಾಲ್ಕು ಕಾಲಮ್: ಊರಿನಿಂದ ಹೋದದ್ದು, ಊರಿಗೆ ಬಂದದ್ದು, ತೀರ್ಮಾನ ಮಾಡಿದವರು, ಬಾಗಿಲು ತಟ್ಟಿದವರು. ಅಷ್ಟೇ. "ಕಾರಣ" ಅಂತ ಒಂದು ಕಾಲಮ್ ಹಾಕಬೇಡಿ. ಹಾಕಿದರೆ ನಿಮ್ಮ ತಲೆಯಲ್ಲಿ ಮೊದಲೇ ಇರುವುದನ್ನು ಅಲ್ಲಿ ಬರೆದು ಮುಗಿಸಿಬಿಡುತ್ತೀರಿ. ನನ್ನ ಮೊದಲ ನೋಟ್‌ಬುಕ್ ಹಾಗೇ ಹಾಳಾಯಿತು.

ಒಂದೇ ಊರು ಹಿಡಿಯಿರಿ. "ಯುರೋಪು", "ಪೂರ್ವ ಜರ್ಮನಿ" ಅಂತೆಲ್ಲ ಹೊರಟರೆ ಕೈಗೇನೂ ಸಿಗುವುದಿಲ್ಲ. ನಾನು ಹಿಡಿದದ್ದು ಹೋಯರ್ಸ್‌ವೆರ್ಡಾ. ಡ್ರೆಸ್ಡೆನ್‌ನಿಂದ ಈಶಾನ್ಯಕ್ಕೆ, ಲೌಸಿಟ್ಸ್ ಅನ್ನುವ ಕಲ್ಲಿದ್ದಲು ಸೀಮೆಯಲ್ಲಿದೆ.

ನಕ್ಷೆಯನ್ನು ನಂಬುವ ಮೊದಲು

ಚುನಾವಣೆಯ ರಾತ್ರಿ ಟಿವಿಯಲ್ಲಿ ತೋರಿಸುವ ನಕ್ಷೆ ನೋಡಿದರೆ ಇಡೀ ಪೂರ್ವ ನೀಲಿ. ಎಎಫ್‌ಡಿ ಬಣ್ಣ ಅದು. ನೋಡಿದವರಿಗೆ ಈ ಕಾಯಿಲೆ ಪೂರ್ವದ್ದು ಮಾತ್ರ ಅನಿಸುತ್ತದೆ. ಆದರೆ ನಕ್ಷೆ ಬಣ್ಣ ಬಳಿಯುವುದು ನೆಲಕ್ಕೆ, ಜನಕ್ಕಲ್ಲ. 2025ರಲ್ಲಿ ಆ ಪಕ್ಷಕ್ಕೆ ಬಿದ್ದದ್ದು ಸುಮಾರು 1 ಕೋಟಿ 3 ಲಕ್ಷ ಮತ. ಅದರಲ್ಲಿ ಬಹುಪಾಲು ಪಶ್ಚಿಮದ ರಾಜ್ಯಗಳಿಂದ ಬಂದದ್ದು, ಯಾಕಂದರೆ ಜನ ಜಾಸ್ತಿ ಇರುವುದು ಅಲ್ಲಿ. ರೂರ್ ಸೀಮೆಯ ಗೆಲ್ಸೆನ್‌ಕಿರ್ಶೆನ್ ಅಪ್ಪಟ ಪಶ್ಚಿಮದ ಊರು. ಗಣಿ, ಫುಟ್‌ಬಾಲ್, ದಶಕಗಟ್ಟಲೆ ಎಡಕ್ಕೆ ವಾಲಿದ ಸೋಷಿಯಲ್ ಡೆಮಾಕ್ರಾಟ್ ಪಕ್ಷದ ಕೋಟೆ. ಅಲ್ಲಿನ ಕೊನೆಯ ಗಣಿ 2008ರಲ್ಲಿ ಮುಚ್ಚಿತು. ಇಲ್ಲಿ ಅಭ್ಯರ್ಥಿಗೊಂದು, ಪಕ್ಷಕ್ಕೊಂದು ಮತ ಹಾಕುತ್ತಾರೆ; 2025ರಲ್ಲಿ ಪಕ್ಷದ ಮತಗಳಲ್ಲಿ ಅಲ್ಲಿ ಎಎಫ್‌ಡಿಯೇ ಮೊದಲು. ಹಾಗಾಗಿ "ಪೂರ್ವದವರ ರಕ್ತದಲ್ಲೇ ಇದೆ" ಅನ್ನುವುದನ್ನು ಇಲ್ಲೇ ಬಿಟ್ಟು ಮುಂದೆ ಹೋಗಿ.

ಇನ್ನೊಂದು ಎಚ್ಚರಿಕೆ. ಸ್ಯಾಕ್ಸನಿಯ ಶೇ. 37.3 ಅನ್ನುವ ಸಂಖ್ಯೆ ಇದೆಯಲ್ಲ, 1932ರ ಜುಲೈ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಇಡೀ ಜರ್ಮನಿಯಲ್ಲಿ ಬಂದದ್ದೂ ಶೇ. 37.3. ನನಗಿದು ಗೊತ್ತಾದ ದಿನ ಮೈ ಜುಮ್ಮೆಂದಿತು, ವಾಟ್ಸಾಪ್‌ನಲ್ಲಿ ಹಾಕಲು ಕೈ ತುರಿಸಿತು. ಹಾಕಲಿಲ್ಲ. ಒಂದು ದೇಶದ ಸಂಖ್ಯೆ, ಇನ್ನೊಂದು ರಾಜ್ಯದ ಸಂಖ್ಯೆ, ಮಧ್ಯೆ 93 ವರ್ಷ. ಇದು ಬರೀ ಕಾಕತಾಳೀಯ. 1932ರಿಂದ ಕಲಿಯಲು ಬೇರೆಯದೇ ಒಂದಿದೆ, ಅದು ಆಮೇಲೆ.

ಈಗ ನೋಟ್‌ಬುಕ್‌ನ ಮೊದಲ ಸಂಖ್ಯೆ ಬರೆಯೋಣ. ಎಲ್ಲರೂ ಪಕ್ಷದ ಶೇಕಡಾವಾರು ಬರೆಯುತ್ತಾರೆ. ನೀವು ಅದಕ್ಕೂ ಮೊದಲು ಎಷ್ಟು ಜನ ಮತ ಹಾಕಿದರು ಅಂತ ಬರೆಯಿರಿ. ಸ್ಯಾಕ್ಸನಿಯ ವಿಧಾನಸಭೆಗೆ 2014ರಲ್ಲಿ ಮತ ಹಾಕಿದವರು ಶೇ. 49 ಅಷ್ಟೇ. ಅಂದರೆ ಅರ್ಧಕ್ಕಿಂತ ಜಾಸ್ತಿ ಜನ ಮನೆಯಲ್ಲೇ ಕೂತಿದ್ದರು. 2024ರಲ್ಲಿ ಅದೇ ರಾಜ್ಯದಲ್ಲಿ ಶೇ. 74. ಇದನ್ನು ನೋಡಿದ ಮೇಲೆ ನನ್ನ ಪ್ರಶ್ನೆಯೇ ಬದಲಾಯಿತು. "ಜನ ಯಾಕೆ ಬಲಕ್ಕೆ ಹೋದರು" ಅನ್ನುವುದಕ್ಕೆ ಮುಂಚೆ "ಜನ ಯಾಕೆ ಮೊದಲು ಎಲ್ಲರನ್ನೂ ಬಿಟ್ಟು ಮನೆಯಲ್ಲಿ ಕೂತರು" ಅಂತ ಕೇಳಬೇಕು. ಖಾಲಿ ಬಿದ್ದ ಮನೆಗೆ ಯಾರಾದರೂ ಬಂದು ಸೇರಿಕೊಳ್ಳುತ್ತಾರೆ, ಅಲ್ವಾ?

ಈ ಅಂಕಿಗಳೆಲ್ಲ ಪುಕ್ಕಟೆ ಸಿಗುತ್ತವೆ. ಊರೂರಿನ ಮತ, ಜನಸಂಖ್ಯೆ ಎಲ್ಲವನ್ನೂ ಕಾಮೆಂಟ್ಸ್ ಅನ್ನುವ ಪಟ್ಟಣದಲ್ಲಿರುವ ರಾಜ್ಯದ ಅಂಕಿಅಂಶ ಕಚೇರಿ ಇಡುತ್ತದೆ. ಹೆಸರು ನೋಡಿ ನಗಬೇಡಿ, ಊರಿನ ಹೆಸರೇ ಹಾಗೆ.

ಹೋದದ್ದನ್ನು ಬರೆಯಿರಿ

ಈ ಕಾಲಮ್‌ಗೆ ಒಂದಿಡೀ ಶನಿವಾರ ಕೊಡಿ.

ಹೋಯರ್ಸ್‌ವೆರ್ಡಾ 1950ರ ದಶಕದ ಮಧ್ಯದವರೆಗೆ ಏಳೆಂಟು ಸಾವಿರ ಜನರ ಸಣ್ಣ ಊರು. ಪಕ್ಕದಲ್ಲೇ ಶ್ವಾರ್ಟ್ಸೆ ಪುಂಪೆ ಅನ್ನುವ ದೊಡ್ಡ ಕಲ್ಲಿದ್ದಲು-ಗ್ಯಾಸ್ ಕಾರ್ಖಾನೆ ಎದ್ದಿತು. ಅದರ ಕೆಲಸಗಾರರಿಗೆ ಅಂತ ಕಾಂಕ್ರೀಟ್ ಹಲಗೆ ಜೋಡಿಸಿದ ಅಪಾರ್ಟ್‌ಮೆಂಟ್‌ಗಳ ಹೊಸ ಪಟ್ಟಣವನ್ನೇ ಕಟ್ಟಿದರು. 1980ರ ದಶಕದ ಶುರುವಿನಲ್ಲಿ ಜನ 71 ಸಾವಿರ. ಈಗ 31 ಸಾವಿರದ ಆಸುಪಾಸು. ಸುಮ್ನೆ ಓದಿದರೆ ಇದೊಂದು ಸಂಖ್ಯೆ. ಅಲ್ಲಿ ನಡೆದು ನೋಡಿ. ಹುಲ್ಲುಗಾವಲಿನ ಮಧ್ಯೆ ಬೀದಿ ದೀಪದ ಸಾಲು ಇರುತ್ತದೆ, ಮನೆ ಇರುವುದಿಲ್ಲ. ಖಾಲಿಯಾದ ಕಟ್ಟಡಗಳನ್ನು ಒಡೆದು ಹುಲ್ಲು ಬಿತ್ತಿದ್ದಾರೆ.

ಹೋದವರು ಯಾರು ಅಂತ ಬಿಡಿಸಿ ಬರೆಯಿರಿ. ವಯಸ್ಸಾದವರು ಹೋಗಲಿಲ್ಲ. ಓದಿದವರು, ಇಪ್ಪತ್ತರ ಆಸುಪಾಸಿನವರು ಹೋದರು. ಅದರಲ್ಲೂ ಹುಡುಗಿಯರು ಜಾಸ್ತಿ. ಉಳಿದವರಿಗೆ ಮಕ್ಕಳಾಗುವುದೂ ನಿಂತಿತು. 1994ರಲ್ಲಿ ಪೂರ್ವ ಜರ್ಮನಿಯಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಒಂದು ಮಗುವೂ ಇರಲಿಲ್ಲ, 0.8ಕ್ಕಿಂತ ಕಡಿಮೆ. ಯುದ್ಧವಿಲ್ಲದ ಕಾಲದಲ್ಲಿ ಇಷ್ಟು ಕೆಳಗೆ ಇಳಿಯುವುದು ಬಹಳ ಅಪರೂಪ. ಮಕ್ಕಳಿಲ್ಲದೆ ಶಾಲೆ ಮುಚ್ಚಿತು, ಶಾಲೆ ಇಲ್ಲದೆ ಬಸ್ಸು ಕಡಿಮೆಯಾಯಿತು, ಡಾಕ್ಟರು ನಿವೃತ್ತಿಯಾದರೆ ಜಾಗಕ್ಕೆ ಯಾರೂ ಬರಲಿಲ್ಲ. ಇವೆಲ್ಲ ಬೇರೆ ಬೇರೆ ವರ್ಷ. ಬೇರೆ ಬೇರೆ ಸಾಲಿನಲ್ಲೇ ಬರೆಯಿರಿ.

ಕಾರ್ಖಾನೆಗಳದ್ದು ದೊಡ್ಡ ಕಥೆ. ಎರಡು ಜರ್ಮನಿ ಒಂದಾಗುವ ಹೊತ್ತು, 1990ರ ಜುಲೈ 1ಕ್ಕೆ, ಅಲ್ಲಿಯವರೆಗೆ ಕಮ್ಯುನಿಸ್ಟ್ ಆಳ್ವಿಕೆಯ ಬೇರೆ ದೇಶವಾಗಿದ್ದ ಪೂರ್ವಕ್ಕೆ ಪಶ್ಚಿಮದ ಹಣ ಮಾರ್ಕ್ ಬಂತು. ಸಂಬಳವೆಲ್ಲ ಒಂದಕ್ಕೆ ಒಂದರಂತೆ ಬದಲಾಯಿತು. ಜನರಿಗೆ ಖುಷಿ. ಆದರೆ ಹಳೇ ಯಂತ್ರದ ಕಾರ್ಖಾನೆಗಳು ಒಂದೇ ರಾತ್ರಿಯಲ್ಲಿ ಗಟ್ಟಿ ಮಾರ್ಕ್‌ನಲ್ಲಿ ಸಂಬಳ ಕೊಡಬೇಕಾಯಿತು. ಅವುಗಳ ಮಾಲು ಕೊಳ್ಳುತ್ತಿದ್ದ ಸೋವಿಯತ್ ಕಡೆಯ ಗಿರಾಕಿಗಳ ಹತ್ತಿರ ಆ ದುಡ್ಡಿರಲಿಲ್ಲ. ಲೌಸಿಟ್ಸ್‌ನ ಕಲ್ಲಿದ್ದಲಿನಲ್ಲಿ 1989ರಲ್ಲಿ ಸುಮಾರು 80 ಸಾವಿರ ಜನ ದುಡಿಯುತ್ತಿದ್ದರು. ಈಗ ಅದರ ಹತ್ತರಲ್ಲೊಂದು ಪಾಲು.

ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಲೌಸಿಟ್ಸ್‌ನ ದಕ್ಷಿಣದ ಒಂದು ನೇಯ್ಗೆ ಊರಿನವರು, 22 ವರ್ಷ ಅಲ್ಲಿನ ಮಿಲ್ಲಿನಲ್ಲಿ ಮಗ್ಗ ನೋಡಿಕೊಂಡವರು. ತುಂಬ ಜೋರಾಗಿ ಮಾತಾಡುತ್ತಾರೆ. ಮೊದಲ ಸಲ ಬೈಯುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಹೊಳೆಯಿತು, ನಮ್ಮಪ್ಪನೂ ಹೀಗೇ. ದಾವಣಗೆರೆಯ ಕಾಟನ್ ಮಿಲ್ಲಿನಲ್ಲಿ ಅಪ್ಪ ಹದಿನೇಳು ವರ್ಷ ಮಗ್ಗದ ಖಾತೆಯಲ್ಲಿದ್ದರು. ಆ ಸದ್ದಿಗೆ ಕಿವಿ ಹೋಗುತ್ತದೆ. ಎರಡು ಖಂಡದ ಇಬ್ಬರು ನೇಕಾರರು ಒಂದೇ ಥರ ಕಿರುಚುತ್ತಾರೆ. ವಿಡಿಯೋ ಕಾಲ್‌ನಲ್ಲಿ ಇಬ್ಬರನ್ನೂ ಮಾತಾಡಿಸಿದೆ, ಮಧ್ಯೆ ಅನುವಾದಕ್ಕೆ ನಾನು. ಅಪ್ಪ ಕೇಳಿದ್ದು, "ಅವರ ಮಿಲ್ ಸೈರನ್ ಎಷ್ಟೊತ್ತಿಗೆ ಆಗೋದು ಕೇಳವ್ವ." ಅಜ್ಜಿ ಬೆಳಗಿನ ಐದೂವರೆ ಅಂದರು.

ಅಪ್ಪನ ಮಿಲ್ ಮುಚ್ಚಿದಾಗಲೂ ಮನೆ ನಡುಗಿತು. ಆದರೆ ಒಂದು ವ್ಯತ್ಯಾಸ ಇದೆ. ದಾವಣಗೆರೆಯ ಮಿಲ್ಲುಗಳು ಒಂದೊಂದಾಗಿ, ವರ್ಷಗಟ್ಟಲೆ ಎಳೆದಾಡಿ ಮುಚ್ಚಿದವು. ಪಕ್ಕದಲ್ಲಿ ಮಂಡಕ್ಕಿ ಭಟ್ಟಿ ಇತ್ತು, ಕಾಲೇಜುಗಳು ಬೆಳೆದವು, ಅಪ್ಪ ಒಂದು ಕಿರಾಣಿ ಅಂಗಡಿ ಇಟ್ಟರು. ಅಜ್ಜಿಯ ಊರಿನಲ್ಲಿ ಗಂಡ, ಹೆಂಡತಿ, ಅಕ್ಕ, ಪಕ್ಕದ ಮನೆಯವರು ಎಲ್ಲರಿಗೂ ಹದಿನೆಂಟು ತಿಂಗಳೊಳಗೆ ಕೆಲಸ ಹೋಯಿತು. ಜೊತೆಗೆ ಹಣ ಬದಲಾಯಿತು, ಕಾನೂನು ಬದಲಾಯಿತು, ಅಂಗಡಿಯಲ್ಲಿ ಸಿಗುವ ಬ್ರೆಡ್ಡೂ ಬದಲಾಯಿತು. ಎಷ್ಟು ಹೋಯಿತು ಅನ್ನುವಷ್ಟೇ, ಎಷ್ಟು ಬೇಗ ಹೋಯಿತು ಅನ್ನುವುದೂ ಮುಖ್ಯ.

ತೀರ್ಮಾನ ಯಾರದ್ದು?

ಬಹಳ ಜನ ಬಿಟ್ಟುಬಿಡುವ ಕಾಲಮ್ ಇದು. ನನಗೆ ಅತಿ ಹೆಚ್ಚು ಅರ್ಥವಾದದ್ದು ಇದರಿಂದಲೇ.

ಪೂರ್ವದ ಸರ್ಕಾರಿ ಕಾರ್ಖಾನೆಗಳನ್ನೆಲ್ಲ ಟ್ರಾಯ್‌ಹಾಂಡ್ ಅನ್ನುವ ಒಂದೇ ಸಂಸ್ಥೆಯ ಕೈಗೆ ಕೊಟ್ಟರು. ಸುಮಾರು 8,000 ಕಂಪನಿ, 40 ಲಕ್ಷ ಕೆಲಸಗಾರರು. ಮಾರು, ಇಲ್ಲವೇ ಮುಚ್ಚು. 1994ರ ಕೊನೆಗೆ ಅಂಗಡಿ ಎತ್ತಿದಾಗ 250 ಶತಕೋಟಿ ಮಾರ್ಕ್‌ಗೂ ಜಾಸ್ತಿ ನಷ್ಟ. ಮಾರಿದ್ದರಲ್ಲಿ ಹೆಚ್ಚಿನದು ಪಶ್ಚಿಮದವರ ಪಾಲಾಯಿತು. ಪೂರ್ವದವರಿಗೆ ಸಿಕ್ಕಿದ್ದು ತೀರ ಸಣ್ಣ ಚೂರು. ಅವರ ಹತ್ತಿರ ಬಂಡವಾಳ ಎಲ್ಲಿತ್ತು, ನಲವತ್ತು ವರ್ಷ ಉದ್ದಿಮೆ ಹೆಚ್ಚಾಗಿ ಸರ್ಕಾರದ್ದೇ ಆಗಿದ್ದ ದೇಶದಲ್ಲಿ?

ಇಲ್ಲಿ ಪ್ರಾಮಾಣಿಕವಾಗಿರಬೇಕು. ಆ ಅವಸರ ಜನರದ್ದೂ ಹೌದು. "ಮಾರ್ಕ್ ಬಂದರೆ ಇಲ್ಲಿರುತ್ತೇವೆ, ಬರದಿದ್ದರೆ ಅದರ ಹತ್ತಿರ ನಾವೇ ಹೋಗುತ್ತೇವೆ" ಅಂತ ಬೀದಿಯಲ್ಲಿ ಕೂಗಿದ್ದರು. 1990ರ ಮಾರ್ಚ್‌ನಲ್ಲಿ ಬೇಗ ಒಂದಾಗೋಣ ಅಂದ ಕೂಟಕ್ಕೇ ಅತಿ ಹೆಚ್ಚು ಮತ ಹಾಕಿದ್ದರು. ಬಹಳಷ್ಟು ಕಾರ್ಖಾನೆಗಳು ನಿಜಕ್ಕೂ ಉಳಿಯುವ ಸ್ಥಿತಿಯಲ್ಲಿರಲಿಲ್ಲ. ಚಾನ್ಸಲರ್ ಹೆಲ್ಮುಟ್ ಕೋಲ್ ಟಿವಿಯಲ್ಲಿ ಬಂದು ಬೇಗನೇ ಪೂರ್ವದ ನೆಲ ಹೂವರಳಿದಂತೆ ಆಗುತ್ತದೆ ಅಂತ ಮಾತು ಕೊಟ್ಟರು. ಆ ಮಾತನ್ನು ಇಲ್ಲಿನವರು ಇವತ್ತೂ ಅಣಕಿಸಿ ಹೇಳುತ್ತಾರೆ.

ಅದರ ಮೇಲೆ ಮೇಲಧಿಕಾರಿಗಳೂ ಪಶ್ಚಿಮದಿಂದಲೇ ಬಂದರು. ಜಡ್ಜ್, ಪ್ರೊಫೆಸರ್, ಇಲಾಖೆಯ ಮುಖ್ಯಸ್ಥ. ಪೂರ್ವಕ್ಕೆ ಬಂದು ಕೆಲಸ ಮಾಡಿದ್ದಕ್ಕೆ ಅವರಿಗೆ ಸಂಬಳದ ಮೇಲೆ ಒಂದು ಭತ್ಯೆ. ಜನ ಅದಕ್ಕಿಟ್ಟ ಹೆಸರು "ಬುಶ್‌ಸುಲಾಗೆ", ಅಂದರೆ ಕಾಡುಭತ್ಯೆ. ಕಾಡಿಗೆ ಬಂದದ್ದಕ್ಕೆ ದುಡ್ಡು! ಅಜ್ಜಿ ಆ ಪದ ಹೇಳುವಾಗ ಈಗಲೂ ಮುಖ ಕಿವುಚುತ್ತಾರೆ. ಮೂವತ್ತು ವರ್ಷವಾದರೂ ಜರ್ಮನಿಯ ಉನ್ನತ ಹುದ್ದೆಗಳಲ್ಲಿ ಪೂರ್ವದಲ್ಲಿ ಹುಟ್ಟಿದವರು ಸುಮಾರು ಶೇ. 12 ಅಷ್ಟೇ. ಜನಸಂಖ್ಯೆಯಲ್ಲಿ ಅವರು ಐದರಲ್ಲೊಂದು ಪಾಲು. ಪಶ್ಚಿಮದ ಲೋಹ ಕಾರ್ಖಾನೆಗಳಲ್ಲಿ 1995ರಿಂದ ವಾರಕ್ಕೆ 35 ಗಂಟೆ ಕೆಲಸ. ಪೂರ್ವದಲ್ಲಿ 38. ಸಮ ಮಾಡಿ ಅಂತ 2003ರಲ್ಲಿ ಮುಷ್ಕರ ಹೂಡಿದರು, ಸೋತರು. ಆಮೇಲೆ ಕೆಲವು ಕಂಪನಿಗಳಲ್ಲಿ ಮಾತ್ರ ಒಪ್ಪಂದವಾಯಿತು.

ಒಂದು ಕಣ್ಣಿಗೆ ಕಾಣುವ ಉದಾಹರಣೆ ಬೇಕಾದರೆ ಡ್ರೆಸ್ಡೆನ್‌ನಿಂದ ಗೋರ್ಲಿಟ್ಸ್‌ಗೆ ರೈಲಿನಲ್ಲಿ ಹೋಗಿ. ಗೋರ್ಲಿಟ್ಸ್ ಪೋಲೆಂಡ್ ಗಡಿಯ ಚೆಂದದ ಊರು. ಆ ರೈಲು ಈಗಲೂ ಡೀಸೆಲ್. ನದಿಯ ಆಚೆ ಪೋಲೆಂಡಿನವರು 2019ರಲ್ಲೇ ತಮ್ಮ ಕಡೆಯ ಹಳಿಗೆ ಕರೆಂಟ್ ತಂತಿ ಎಳೆದು ಮುಗಿಸಿದರು. ನಾವು ಕನ್ನಡದಲ್ಲಿ "ಅಲ್ಲಿ ಎಲ್ಲ ಟೈಮಿಗೆ ಸರಿಯಾಗಿ" ಅಂತ ಹೊಗಳುವ ಜರ್ಮನಿ ಇದೇ. ಗೋರ್ಲಿಟ್ಸ್ ಕ್ಷೇತ್ರದಲ್ಲಿ 2025ರಲ್ಲಿ ಎಎಫ್‌ಡಿಗೆ ಅರ್ಧದ ಹತ್ತಿರ ಮತ.

ಬಂದದ್ದು: ಇಲ್ಲಿ ಲೆಕ್ಕ ತಪ್ಪುತ್ತದೆ

ಈ ಕಾಲಮ್ ಬರೆಯುವಾಗ ನಿಮಗೆ ಗೊಂದಲವಾಗಬೇಕು. ಆಗದಿದ್ದರೆ ಸರಿಯಾಗಿ ಬರೆದಿಲ್ಲ ಅಂತ ಅರ್ಥ. ಯಾಕಂದರೆ ದುಡ್ಡು ಬಂದಿದೆ. ರಸ್ತೆ, ಪಿಂಚಣಿ, ರಿಪೇರಿಯಾದ ಹಳೇ ಕಟ್ಟಡ, ಎಲ್ಲ ಬಂದಿವೆ. ಡ್ರೆಸ್ಡೆನ್‌ನ ಚಿಪ್ ಕಾರ್ಖಾನೆಗಳಿಗೆ ಸರ್ಕಾರ ಶತಕೋಟಿ ಯೂರೋ ಲೆಕ್ಕದಲ್ಲಿ ಕೊಡುತ್ತಿದೆ, ನನ್ನ ಅನ್ನವೂ ಅದರಲ್ಲೇ ಇದೆ. ಕಲ್ಲಿದ್ದಲನ್ನು 2038ರೊಳಗೆ ನಿಲ್ಲಿಸುವುದಕ್ಕೆ ಪರಿಹಾರವಾಗಿ ಲೌಸಿಟ್ಸ್ ಒಂದಕ್ಕೇ ಸುಮಾರು 17 ಶತಕೋಟಿ ಯೂರೋ ಇಟ್ಟಿದ್ದಾರೆ. ಅಲ್ಲಿನ ಕೊಟ್‌ಬುಸ್ ಪಟ್ಟಣದಲ್ಲಿ ಹೊಸ ರೈಲು ವರ್ಕ್‌ಶಾಪ್ 2024ರಲ್ಲಿ ಶುರುವಾಯಿತು. ನಿರುದ್ಯೋಗ 2005ರಲ್ಲಿ ಪೂರ್ವದಲ್ಲಿ ಶೇ. 18ಕ್ಕೂ ಮೇಲಿತ್ತು, ಈಗ ಅದರ ಅರ್ಧವೂ ಇಲ್ಲ.

ಹಾಗಾದರೆ ಕೆಲಸವಿಲ್ಲದ ಕಾಲದಲ್ಲಿ ಇಷ್ಟು ಮತ ಬೀಳಲಿಲ್ಲ, ಕೆಲಸ ಸಿಕ್ಕ ಮೇಲೆ ಬಿತ್ತು. "ಪಾಪ, ಕೆಲಸ ಇಲ್ಲ" ಅನ್ನುವ ಉತ್ತರ ಇಲ್ಲಿ ಮುರಿದು ಬೀಳುತ್ತದೆ.

1932ರ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆಗಲೂ ಕೆಲಸ ಕಳೆದುಕೊಂಡವರಲ್ಲಿ ಬಹಳ ಜನ ಕಮ್ಯುನಿಸ್ಟರಿಗೆ ಮತ ಹಾಕಿದ್ದರು. ನಾಜಿಗಳಿಗೆ ಗಟ್ಟಿಯಾಗಿ ನಿಂತವರಲ್ಲಿ ಸಣ್ಣ ರೈತರು, ಅಂಗಡಿಯವರು, ಪ್ರಾಟೆಸ್ಟಂಟ್ ಹಳ್ಳಿಗಳವರು ಎದ್ದು ಕಾಣುತ್ತಾರೆ. ಅಂದರೆ ಏನೋ ಸ್ವಲ್ಪ ಇದ್ದವರು, ಅದೂ ಹೋಗುತ್ತದೆ ಅಂತ ಹೆದರಿದವರು. ಲೌಸಿಟ್ಸ್‌ನಲ್ಲಿ ಈಗ ಮನೆ ಇದೆ, ಕಾರಿದೆ. ಆದರೆ ಒಂದು ಸಲ ಎಲ್ಲ ಹೋದದ್ದನ್ನು ಕಣ್ಣಾರೆ ಕಂಡಿದ್ದಾರೆ. 2022ರಲ್ಲಿ ಉಕ್ರೇನ್ ಯುದ್ಧ ಬಂದು ಗ್ಯಾಸ್ ದುಬಾರಿಯಾಯಿತು. 2023ರಲ್ಲಿ ಮನೆ ಬಿಸಿ ಮಾಡುವ ಬಾಯ್ಲರ್ ಬದಲಿಸಬೇಕೆನ್ನುವ ಕಾನೂನಿನ ಮಾತು ಬಂತು. ಕಲ್ಲಿದ್ದಲಿಗೆ ಕೊನೆಯ ದಿನ ಗೊತ್ತಾಗಿದೆ. ಮತ್ತೆ ಮೇಲಿನಿಂದ ಯಾರೋ ತೀರ್ಮಾನ ಮಾಡಿ ಕಳಿಸಿದ್ದು. ಮೂರನೇ ಕಾಲಮ್ ನೋಡಿ, ಅದರ ನೆರಳು ಇಲ್ಲಿ ಬೀಳುತ್ತಿದೆ. 2025ರಲ್ಲಿ ಕಾರ್ಮಿಕರ ಪೈಕಿ ಶೇ. 38 ಜನ ಎಎಫ್‌ಡಿಗೆ ಹಾಕಿದರು ಅಂತ ಮತಗಟ್ಟೆ ಸಮೀಕ್ಷೆ ಹೇಳಿತು. ಕೆಲಸ ಇರುವ ಕಾರ್ಮಿಕರು.

ಬಾಗಿಲು ತಟ್ಟಿದವರು

ನೋವು ತಾನಾಗಿ ಮತ ಹಾಕುವುದಿಲ್ಲ. ಯಾರೋ ಬಂದು ಆ ನೋವಿಗೆ ಒಂದು ಹೆಸರು ಕೊಡಬೇಕು, ಒಬ್ಬ ಆರೋಪಿಯನ್ನು ತೋರಿಸಬೇಕು. ಹಾಗಾಗಿ ಯಾವ ವರ್ಷ ಯಾರು ಬಂದರು ಅಂತ ಬರೆಯಿರಿ.

1991ರ ಸೆಪ್ಟೆಂಬರ್, ಹೋಯರ್ಸ್‌ವೆರ್ಡಾ. ಮಾರುಕಟ್ಟೆಯಲ್ಲಿ ವಿಯೆಟ್ನಾಂನ ವ್ಯಾಪಾರಿಗಳ ಮೇಲೆ ನವನಾಜಿ ಹುಡುಗರು ಬಿದ್ದರು. ಆಮೇಲೆ ಮೊಜಾಂಬಿಕ್ ಮತ್ತು ವಿಯೆಟ್ನಾಂ ಕೆಲಸಗಾರರ ಹಾಸ್ಟೆಲ್ ಮೇಲೆ, ಆಶ್ರಯ ಕೇಳಿ ಬಂದವರ ಮನೆಯ ಮೇಲೆ ದಿನಗಟ್ಟಲೆ ಕಲ್ಲು, ಬೆಂಕಿ ಬಾಟಲಿ. ಅಕ್ಕಪಕ್ಕದವರು ನಿಂತು ಚಪ್ಪಾಳೆ ತಟ್ಟಿದರು. ಅಧಿಕಾರಿಗಳು ಕೊನೆಗೆ ಏಟು ತಿಂದವರನ್ನೇ ಬಸ್ಸಿಗೆ ಹತ್ತಿಸಿ ಊರು ಬಿಡಿಸಿದರು. ಹೊಡೆದವರು ಗೆದ್ದೆವು ಅಂತ ಕುಣಿದರು. ಮರುವರ್ಷ ಪೂರ್ವದ್ದೇ ಇನ್ನೊಂದು ಊರು ರೋಸ್ಟೋಕ್‌ನಲ್ಲಿ ಇದಕ್ಕಿಂತ ದೊಡ್ಡದಾಯಿತು.

ಈ ಸಾಲು ಬರೆಯುವಾಗ ಸ್ವಲ್ಪ ನಿಲ್ಲಿ. ಮೊಜಾಂಬಿಕ್, ವಿಯೆಟ್ನಾಂನ ಆ ಜನ ಯಾರು? ಪೂರ್ವ ಜರ್ಮನಿ ಸರ್ಕಾರವೇ ಕರೆಸಿಕೊಂಡ ಕರಾರು ಕೆಲಸಗಾರರು. 1989ರಲ್ಲಿ ಬರ್ಲಿನ್ ಗೋಡೆ ಬಿದ್ದಾಗ ವಿಯೆಟ್ನಾಂನವರೇ ಸುಮಾರು 60 ಸಾವಿರ ಇದ್ದರು. ಅವರನ್ನು ಬೇರೆ ಹಾಸ್ಟೆಲ್‌ನಲ್ಲಿ ಇಟ್ಟಿದ್ದರು, ಹೆಣ್ಣುಮಗಳು ಬಸಿರಾದರೆ ಗರ್ಭ ತೆಗೆಸು ಇಲ್ಲವೇ ವಾಪಸ್ ಹೋಗು ಅನ್ನುತ್ತಿದ್ದರು. ಕಾರ್ಖಾನೆ ಮುಚ್ಚಿದಾಗ ಎಲ್ಲರಿಗಿಂತ ಮೊದಲು ಕೆಲಸ ಹೋದದ್ದು ಇವರದ್ದು. ಅದೇ ಕಾರ್ಖಾನೆ, ಅದೇ ನಷ್ಟ, ಇನ್ನೂ ಜಾಸ್ತಿ ನಷ್ಟ. ಅವರು ಯಾರ ಮನೆಗೂ ಕಲ್ಲು ಹೊಡೆಯಲಿಲ್ಲ. ಹಾಗಾಗಿ ಆರ್ಥಿಕ ಕಾರಣ ಹುಡುಕಿ ಹುಡುಕಿ ಕೊನೆಗೆ ಜನಾಂಗ ದ್ವೇಷವನ್ನು ಲೆಕ್ಕದಿಂದ ಕೈಬಿಡಬೇಡಿ. ಅದು ಮೊದಲೇ ಅಲ್ಲಿತ್ತು.

ಅದಿದೆ ಅಂತ ಒಪ್ಪಿಕೊಳ್ಳಬೇಕಾದವರು ಒಪ್ಪಲಿಲ್ಲ. ಆಗಿನ ಮುಖ್ಯಮಂತ್ರಿ ಕುರ್ಟ್ ಬೀಡೆನ್‌ಕೋಫ್ 2000ದಲ್ಲಿ ಸ್ಯಾಕ್ಸನಿಯ ಜನಕ್ಕೆ ಕಟ್ಟಾ ಬಲಪಂಥ ಅಂಟುವುದೇ ಇಲ್ಲ ಅಂದಿದ್ದರು. ನಾಲ್ಕೇ ವರ್ಷಕ್ಕೆ ಎನ್‌ಪಿಡಿ ಅನ್ನುವ ನವನಾಜಿ ಪಕ್ಷ ಶೇ. 9.2 ಮತದೊಂದಿಗೆ ವಿಧಾನಸಭೆಗೆ ಬಂತು. ಎನ್‌ಎಸ್‌ಯು ಅನ್ನುವ ಮೂವರ ನವನಾಜಿ ಗುಂಪು 2000ದಿಂದ 2007ರವರೆಗೆ ಹತ್ತು ಜನರನ್ನು ಕೊಂದಿತು, ಅವರಲ್ಲಿ ಹೆಚ್ಚಿನವರು ಟರ್ಕಿ ಮೂಲದವರು. ಆ ಮೂವರು ಸ್ಯಾಕ್ಸನಿಯಲ್ಲೇ ವರ್ಷಗಟ್ಟಲೆ ಅಡಗಿದ್ದರು. ಗೊತ್ತಾದದ್ದು 2011ರ ನವೆಂಬರ್‌ನಲ್ಲಿ.

ಎಎಫ್‌ಡಿ ಹುಟ್ಟಿದ್ದು 2013ರಲ್ಲಿ, ಯೂರೋ ಬೇಡ ಅನ್ನುವ ಪಶ್ಚಿಮದ ಪ್ರೊಫೆಸರ್‌ಗಳ ಪಕ್ಷವಾಗಿ. 2014ರ ಸ್ಯಾಕ್ಸನಿ ಚುನಾವಣೆಯಲ್ಲಿ ಎನ್‌ಪಿಡಿ ಕೂದಲೆಳೆಯಲ್ಲಿ ಸೋತು ಹೊರಗೆ ಹೋಯಿತು, ಎಎಫ್‌ಡಿ ಶೇ. 9.7 ಪಡೆದು ಒಳಗೆ ಬಂತು. ಅದೇ ವರ್ಷದ ಅಕ್ಟೋಬರ್‌ನಿಂದ ಪೆಗಿಡಾ ಅನ್ನುವ ಮುಸ್ಲಿಂ, ವಲಸಿಗ ವಿರೋಧಿ ಗುಂಪಿನವರು ಪ್ರತಿ ಸೋಮವಾರ ಡ್ರೆಸ್ಡೆನ್‌ನಲ್ಲಿ ಮೆರವಣಿಗೆ ಶುರು ಮಾಡಿದರು. ಸೋಮವಾರ ಸಂಜೆ ಪೇಟೆ ಕಡೆ ಹೋಗಬೇಡಿ ಅಂತ ನಮ್ಮ ಸ್ಟೂಡೆಂಟ್ ಗ್ರೂಪಿನಲ್ಲಿ ಮೆಸೇಜ್ ಬರುತ್ತಿತ್ತು. ಸೋಮವಾರವನ್ನೇ ಯಾಕೆ ಆರಿಸಿದರು ಗೊತ್ತಾ? 1989ರಲ್ಲಿ ಸರ್ವಾಧಿಕಾರದ ವಿರುದ್ಧ ಜನ ಬೀದಿಗಿಳಿದದ್ದು ಸೋಮವಾರಗಳಲ್ಲಿ. ಆ ನೆನಪನ್ನೇ ಕದ್ದರು. 2015ರಲ್ಲಿ ಸುಮಾರು 8 ಲಕ್ಷ 90 ಸಾವಿರ ನಿರಾಶ್ರಿತರು ಜರ್ಮನಿಗೆ ಬಂದರು. ಪಕ್ಷ ಅಲ್ಲಿಂದ ಪೂರ್ತಿ ಬಲಕ್ಕೆ ತಿರುಗಿತು, ಹುಟ್ಟುಹಾಕಿದ ಪ್ರೊಫೆಸರ್ ಬೆರ್ಂಡ್ ಲುಕೆ ಅವರೇ ಆ ವರ್ಷದ ಜುಲೈನಲ್ಲೇ ಹೊರಗೆ ಹೋಗಿದ್ದರು. ಮುಂಚೂಣಿಯ ಮುಖಗಳಲ್ಲಿ ಬ್ಯೋರ್ನ್ ಹೋಕೆ, ಆಲಿಸ್ ವೈಡೆಲ್ ಇಬ್ಬರೂ ಪಶ್ಚಿಮದಲ್ಲಿ ಹುಟ್ಟಿದವರು. ಪೂರ್ವದ ಸಿಟ್ಟಿಗೆ ಬಾಯಿ ಕೂಡ ಪಶ್ಚಿಮದಿಂದ ಬಂತು, ನೋಡಿ. ಟಿನೊ ಕ್ರುಪಾಲಾ ಮಾತ್ರ ಲೌಸಿಟ್ಸ್‌ನ ವೈಸ್‌ವಾಸರ್‌ನವರು, ಬಣ್ಣ ಬಳಿಯುವ ಕಸುಬಿನವರು. 2017ರ ಸಂಸತ್ ಚುನಾವಣೆಯಲ್ಲಿ ಗೋರ್ಲಿಟ್ಸ್‌ನಲ್ಲಿ ಸಿಡಿಯು (ಹೆಲ್ಮುಟ್ ಕೋಲ್ ಅವರ ಪಕ್ಷ) ಪಕ್ಷದ ಮಿಖಾಯಲ್ ಕ್ರೆಚ್ಮರ್ ಅವರನ್ನು ಸೋಲಿಸಿದರು. ಸೋತ ಕ್ರೆಚ್ಮರ್ ಅದೇ ಡಿಸೆಂಬರ್‌ನಲ್ಲಿ ಸ್ಯಾಕ್ಸನಿಯ ಮುಖ್ಯಮಂತ್ರಿಯಾದರು.

ಉಲ್ಟಾ ಉದಾಹರಣೆ ಹುಡುಕಿ

ನೋಟ್‌ಬುಕ್ ತುಂಬಿದ ಮೇಲೆ ಎಲ್ಲ ಅರ್ಥವಾಯಿತು ಅನ್ನುವ ಜಂಬ ಬರುತ್ತದೆ. ಅದನ್ನು ಇಳಿಸಲು ನಿಮ್ಮ ಲೆಕ್ಕಕ್ಕೆ ಸಿಗದ ಒಂದು ಘಟನೆ ಹುಡುಕಿ. ನನಗೆ ಸಿಕ್ಕಿದ್ದು ಅದೇ ಗೋರ್ಲಿಟ್ಸ್. 2019ರ ಮೇಯರ್ ಚುನಾವಣೆಯ ಮೊದಲ ಸುತ್ತಿನಲ್ಲಿ ಎಎಫ್‌ಡಿ ಮುಂದಿತ್ತು, ಶೇ. 36. ಎರಡನೇ ಸುತ್ತಿಗೆ ಗ್ರೀನ್ ಮತ್ತು ಎಡಪಕ್ಷದವರು ಹಿಂದೆ ಸರಿದು ಸಿಡಿಯು ಅಭ್ಯರ್ಥಿಗೆ ದಾರಿ ಬಿಟ್ಟರು. ಶೇ. 55 ಪಡೆದು ಗೆದ್ದದ್ದು ಒಕ್ಟಾವಿಯನ್ ಉರ್ಸು. ರೊಮೇನಿಯಾದಲ್ಲಿ ಹುಟ್ಟಿದ ಟ್ರಂಪೆಟ್ ವಾದಕ! ಅದೇ ಹೋದದ್ದು, ಅದೇ ಬಂದದ್ದು, ಅದೇ ಜನ. ಬದಲಾದದ್ದು ನಾಲ್ಕನೇ ಕಾಲಮ್ ಮಾತ್ರ: ಈ ಸಲ ಬೇರೆಯವರೂ ಸೇರಿ ಬಾಗಿಲು ತಟ್ಟಿದ್ದರು.

ಜನರನ್ನು ಕೇಳುವಾಗ

"ನೀವು ಯಾರಿಗೆ ಮತ ಹಾಕಿದಿರಿ" ಅಂತ ಕೇಳಬೇಡಿ. "ಈ ಬೇಕರಿ ಯಾವ ವರ್ಷ ಮುಚ್ಚಿತು" ಅಂತ ಕೇಳಿ. ವರ್ಷ ಹೇಳಲು ಯಾರಿಗೂ ಮುಜುಗರವಿಲ್ಲ. ಒಂದು ವರ್ಷದ ಬೆನ್ನಿಗೆ ಇನ್ನೊಂದು ಬರುತ್ತದೆ, ಅರ್ಧ ಗಂಟೆ ಮಾತು ಹರಿಯುತ್ತದೆ.

ನಮ್ಮ ಬಣ್ಣದವರು ಒಂದು ಮಾತಿಗೆ ಸಿದ್ಧವಾಗಿರಬೇಕು. ಅಜ್ಜಿಯ ಮನೆಗೆ ಒಂದು ಭಾನುವಾರ ಕಾಫಿಗೆ ಹೋಗಿದ್ದೆ. ಅವರ ಮಗ ಬಂದಿದ್ದ. ಎಲೆಕ್ಟ್ರಿಷಿಯನ್, ಹನ್ನೊಂದು ವರ್ಷ ಪಶ್ಚಿಮದಲ್ಲಿ ದುಡಿದು ವಾಪಸ್ ಬಂದವನು. ಎಎಫ್‌ಡಿಗೇ ಹಾಕುತ್ತೇನೆ ಅಂತ ನನ್ನೆದುರೇ ಹೇಳಿ, "ಆದರೆ ನಿಮ್ಮ ಬಗ್ಗೆ ಅಲ್ಲ, ನೀವು ಕೆಲಸ ಮಾಡ್ತೀರಿ" ಅಂದ. ಈ ಮಾತು ಕೇಳಿ ಸಮಾಧಾನಪಡುವ ಕನ್ನಡಿಗರನ್ನು ನೋಡಿದ್ದೇನೆ. ನಾವು ತೆರಿಗೆ ಕಟ್ಟುವವರು, ನಾವು ಆ ಥರದವರಲ್ಲ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಎಎಫ್‌ಡಿಯನ್ನೇ ಹೊಗಳುವವರೂ ಇದ್ದಾರೆ. ನನಗೆ ಆ ಸಮಾಧಾನ ಬರುವುದಿಲ್ಲ. ಟ್ರಾಮ್‌ನಲ್ಲಿ ಒಬ್ಬ ನನ್ನತ್ತ ಉಗಿದಾಗ ನನ್ನ ಸಂಬಳದ ಚೀಟಿ ಕೇಳಿರಲಿಲ್ಲ.

ಆದರೂ ಮಗನಿಗೆ ನಾನು ಕೇಳಿದ್ದು ಅದೇ ಪ್ರಶ್ನೆ. ಯಾವ ವರ್ಷ? ಅವನು ಹೇಳಿದ್ದು 1992. ಹತ್ತನೇ ಕ್ಲಾಸ್ ಮುಗಿದಿತ್ತು. ಅಪ್ಪ ಬೆಳಿಗ್ಗೆ ಐದಕ್ಕೆ ಎದ್ದು ಶೂ ಹಾಕಿಕೊಂಡು ಅಡುಗೆಮನೆಯಲ್ಲಿ ಸುಮ್ಮನೆ ಕೂತಿರುತ್ತಿದ್ದರಂತೆ. ಕೆಲಸ ಹೋಗಿ ಆಗಲೇ ಒಂದು ವರ್ಷವಾಗಿತ್ತು. ಇದನ್ನು ನಾನು ಬರೆದುಕೊಂಡೆ. ಅವನ ಮತವನ್ನು ಒಪ್ಪಲಿಲ್ಲ, ಒಪ್ಪಲಿಲ್ಲ ಅಂತ ಅವನಿಗೂ ಹೇಳಿದೆ. ಅಜ್ಜಿ ಇಬ್ಬರ ತಟ್ಟೆಗೂ ಇನ್ನೊಂದು ತುಂಡು ಪ್ಲಮ್ ಕೇಕ್ ಹಾಕಿದರು.

ಹೊರಡುವವರಿಗೆ ಕೊನೆಯದಾಗಿ ಒಂದೆರಡು ಮಾತು. ಭಾನುವಾರ ಹೋಗಬೇಡಿ, ಅಂಗಡಿ ಮುಚ್ಚಿರುತ್ತವೆ, ಬೀದಿಯಲ್ಲಿ ಯಾರೂ ಸಿಗುವುದಿಲ್ಲ. ಶನಿವಾರ ಬೆಳಿಗ್ಗೆ ಸಂತೆಯ ಹೊತ್ತಿಗೆ ಹೋಗಿ. ಒಬ್ಬರೇ ಹೋಗಬೇಡಿ, ಕತ್ತಲಾಗುವ ಮೊದಲು ವಾಪಸ್ ರೈಲು ಹಿಡಿಯಿರಿ. ಕೊನೆಯ ಬಸ್ಸಿನ ಹೊತ್ತು ಬರೆದುಕೊಳ್ಳಿ, ಅದೂ ನೋಟ್‌ಬುಕ್‌ಗೆ ಸೇರಬೇಕಾದ ಅಂಕಿಯೇ. ಮನೆಗೆ ಬಂದು ನೋಡಿದಾಗ ನಾಲ್ಕನೇ ಕಾಲಮ್ ಖಾಲಿ ಇದ್ದರೆ ಯಾರಿಗೂ ಏನೂ ವಿವರಿಸಲು ಹೋಗಬೇಡಿ. ಮುಂದಿನ ಶನಿವಾರಕ್ಕೆ ಮತ್ತೆ ಟಿಕೆಟ್ ತೆಗೆಸಿ.